ಫೆಲೋಶಿಪ್ ಮುಗಿದ ಮಾರನೇ ದಿನ

ನಿಮ್ಮ ಪತ್ರ ಎರಡು ಸಲ ಓದಿದೆ. ಪಿಎಚ್‌ಡಿ ಮುಗಿದು ಎರಡೂವರೆ ವರ್ಷ ಆಗಿದೆ, ಗಂಡ ಮತ್ತು ನಾಲ್ಕು ವರ್ಷದ ಮಗಳು ಜೊತೆಗೆ ಬರುತ್ತಾರೆ, ಸಂಶೋಧನೆಯೇ ಮುಖ್ಯ, ಆದರೆ ಪಾಠ ಮಾಡುವ ಆಸೆಯೂ ಇದೆ ಅಂದಿದ್ದೀರಿ. ಅಮೆರಿಕದ ಫುಲ್‌ಬ್ರೈಟ್, ಜರ್ಮನಿಯ ಹಂಬೋಲ್ಟ್, ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ, ಈ ಮೂರು ಫೆಲೋಶಿಪ್‌ಗಳಲ್ಲಿ ಯಾವುದು ದೊಡ್ಡದು, ಯಾವುದಕ್ಕೆ ಅರ್ಜಿ ಹಾಕಲಿ ಅಂತ ಕೇಳಿದ್ದೀರಿ.

ಹೆಸರಿನ ಮಟ್ಟಿಗೆ ಮೂರೂ ದೊಡ್ಡವೇ. ಯಾವುದು ಸಿಕ್ಕರೂ ಖುಷಿಪಡಿ. ಆದರೆ ಆರಿಸುವಾಗ ಹೆಸರನ್ನು ಪಕ್ಕಕ್ಕಿಟ್ಟು ಬೇರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಫೆಲೋಶಿಪ್ ಮುಗಿದ ಮಾರನೇ ದಿನ ನಾನು ಎಲ್ಲಿರುತ್ತೇನೆ? ನನ್ನ ಕೈಯಲ್ಲಿ ಏನಿರುತ್ತದೆ? ನಾನು ಜರ್ಮನಿಗೆ ಬಂದು 14 ವರ್ಷ ಆಯಿತು. ಬಂದದ್ದು ಎರಡು ವರ್ಷದ ಫೆಲೋಶಿಪ್ ಮೇಲೆ, ಈಗ ಇಲ್ಲೇ ಪಾಠ ಮಾಡುತ್ತೇನೆ. ಬರುವಾಗ ನಾನು ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಂದ ಎರಡನೇ ವಾರ ಆರೋಗ್ಯ ವಿಮೆ ಮಾಡಿಸಲು ಒಂದು ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ನನ್ನ ಫೆಲೋಶಿಪ್ ಪತ್ರ ಪೂರ್ತಿ ಓದಿದರು. ಹಾಳೆ ತಿರುಗಿಸಿ ಹಿಂದೆ ನೋಡಿದರು. ಖಾಲಿ ಇತ್ತು. ಮತ್ತೆ ಮುಂದಕ್ಕೆ ತಿರುಗಿಸಿ, "ಕೆಲಸದ ಕಾಂಟ್ರ್ಯಾಕ್ಟ್ ಎಲ್ಲಿ?" ಅಂತ ಕೇಳಿದರು. ಇದೇ ಅಂದೆ. ಅವರು ಪೆನ್ನಿನ ತುದಿಯನ್ನು ಒಂದು ಪದದ ಕೆಳಗೆ ಇಟ್ಟರು: ಸ್ಟಿಪೆಂಡಿಯಂ. "ಇದು ಸಂಬಳ ಅಲ್ಲ. ನೀವು ಯಾರ ನೌಕರರೂ ಅಲ್ಲ" ಅಂದರು. ಬಹಳ ಮೃದುವಾಗಿಯೇ ಹೇಳಿದರು. ನೌಕರಿಯಲ್ಲಿದ್ದವರು ತಾನಾಗಿ ಸೇರುವ ಸರ್ಕಾರಿ ವಿಮೆ ವ್ಯವಸ್ಥೆಗೆ ನಾನು ಸೇರುವ ಹಾಗಿರಲಿಲ್ಲ. ಖಾಸಗಿ ವಿಮೆ ಕೊಳ್ಳಬೇಕಾಯಿತು.

ಆ ಒಂದು ಪದದ ಅರ್ಥ ಪೂರ್ತಿ ಗೊತ್ತಾಗಲು ನನಗೆ ವರ್ಷಗಳೇ ಹಿಡಿದವು. ಫೆಲೋಶಿಪ್ ದುಡ್ಡು ಎರಡು ರೂಪದಲ್ಲಿ ಬರುತ್ತದೆ. ಒಂದು ಸ್ಟೈಪೆಂಡ್. ಸಾಮಾನ್ಯವಾಗಿ ತೆರಿಗೆ ಇರುವುದಿಲ್ಲ, ಪತ್ರದಲ್ಲಿ ಬರೆದ ಮೊತ್ತವೇ ಕೈಗೆ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಇನ್ನೊಂದು ಕಾಂಟ್ರ್ಯಾಕ್ಟ್. ವಿಶ್ವವಿದ್ಯಾಲಯ ನಿಮ್ಮನ್ನು ನೌಕರಿಗೆ ಸೇರಿಸಿಕೊಂಡು ಸಂಬಳ ಕೊಡುತ್ತದೆ. ತೆರಿಗೆ, ವಿಮೆ, ಪಿಂಚಣಿ ಎಲ್ಲ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ. ಹಂಬೋಲ್ಟ್ ಮೊದಲನೇ ಥರದ್ದು. ಜಪಾನಿನ ಜೆಎಸ್‌ಪಿಎಸ್ ಫೆಲೋಶಿಪ್ ಕೂಡ ಹಾಗೇ, ತಿಂಗಳಿಗೆ 3,62,000 ಯೆನ್ ಸ್ಟೈಪೆಂಡ್. ಮೇರಿ ಕ್ಯೂರಿಯಲ್ಲಿ ಕಾಂಟ್ರ್ಯಾಕ್ಟ್ ಕೊಡುವುದೇ ನಿಯಮ.

ವ್ಯತ್ಯಾಸ ಗೊತ್ತಾಗುವುದು ಕಷ್ಟದ ದಿನಗಳಲ್ಲಿ. ಜರ್ಮನಿಯ ಲೆಕ್ಕ ಹೇಳುತ್ತೇನೆ. 30 ತಿಂಗಳಲ್ಲಿ 12 ತಿಂಗಳು ವಿಮೆ ಕಟ್ಟಿದ ನೌಕರಿ ಮಾಡಿದ್ದರೆ ಕೆಲಸ ಹೋದಾಗ ನಿರುದ್ಯೋಗ ಭತ್ಯೆ ಸಿಗುತ್ತದೆ. ಸ್ಟೈಪೆಂಡಿನ ತಿಂಗಳುಗಳು ಇದಕ್ಕೆ ಸೇರುವುದಿಲ್ಲ. ನನ್ನ ಮಗ ಹುಟ್ಟಿದ್ದು ಸ್ಟೈಪೆಂಡ್ ಮುಗಿಯುವ ಹೊತ್ತಿಗೆ. ಮಗು ಹುಟ್ಟಿದ ಮೇಲೆ ಸರ್ಕಾರ ಕೊಡುವ ಭತ್ಯೆಯನ್ನು ಅದಕ್ಕೂ ಹಿಂದಿನ ದುಡಿಮೆ ನೋಡಿ ನಿರ್ಧರಿಸುತ್ತಾರೆ. ನನ್ನ ದುಡಿಮೆ ಕಾಗದದಲ್ಲಿ ಸೊನ್ನೆ. ಕನಿಷ್ಠ ಮೊತ್ತ ಬಂತು, ತಿಂಗಳಿಗೆ 300 ಯೂರೋ. ಆಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ 60 ತಿಂಗಳ ಪಿಂಚಣಿ ಕಂತು ಕಟ್ಟಿರಬೇಕು ಅಂದರು. ಪಿಂಚಣಿ ಲೆಕ್ಕದ ಹಾಳೆ ಮೇಜಿನ ಮೇಲಿತ್ತು. ಮೊದಲ 24 ತಿಂಗಳ ಜಾಗದಲ್ಲಿ ಏನೂ ಇರಲಿಲ್ಲ. ಆ ಎರಡು ವರ್ಷ ನಾನು ಬೆಳಿಗ್ಗೆ ಎಂಟಕ್ಕೆ ಲ್ಯಾಬ್‌ಗೆ ಹೋಗಿ ರಾತ್ರಿ ಬರುತ್ತಿದ್ದೆ. ಈಗ ಕೆಲವು ದಾರಿಗಳಲ್ಲಿ ತಿಂಗಳ ಲೆಕ್ಕ ಕಡಿಮೆ ಮಾಡಿದ್ದಾರೆ. ಆದರೆ ಸ್ಟೈಪೆಂಡಿನ ಕಾಲಕ್ಕೆ ಕಂತು ಇಲ್ಲ ಅನ್ನುವುದು ಬದಲಾಗಿಲ್ಲ.

ಹಾಗಂತ ಸ್ಟೈಪೆಂಡ್ ಕೆಟ್ಟದ್ದು ಅನ್ನುತ್ತಿಲ್ಲ. ಇಲ್ಲಿ ಒಂದು ಕಾನೂನು ಇದೆ: ಪಿಎಚ್‌ಡಿ ಆದಮೇಲೆ ವಿಶ್ವವಿದ್ಯಾಲಯಗಳು ಒಬ್ಬರನ್ನು ಸಾಮಾನ್ಯವಾಗಿ 6 ವರ್ಷ ಮಾತ್ರ ತಾತ್ಕಾಲಿಕ ಕಾಂಟ್ರ್ಯಾಕ್ಟ್ ಮೇಲೆ ಇಟ್ಟುಕೊಳ್ಳಬಹುದು. ಮಕ್ಕಳಿದ್ದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಸ್ಟೈಪೆಂಡಿನ ವರ್ಷಗಳು ಆ ಲೆಕ್ಕದಲ್ಲಿ ಬರುವುದಿಲ್ಲ, ಏಕೆಂದರೆ ಅದು ನೌಕರಿಯೇ ಅಲ್ಲ. ಅಂದರೆ ಸ್ಟೈಪೆಂಡಿನಲ್ಲಿ ಎರಡು ವರ್ಷ ಕಳೆದರೂ ನಿಮ್ಮ 6 ವರ್ಷ ಹಾಗೇ ಉಳಿದಿರುತ್ತದೆ. ಪ್ರಾಧ್ಯಾಪಕರ ಹುದ್ದೆಗಾಗಿ ಕಾಯುವವರಿಗೆ ಇದು ದೊಡ್ಡ ಅನುಕೂಲ. ನನಗೆ ಆಗಿದೆ ಕೂಡ.

ಮೇರಿ ಕ್ಯೂರಿ ಬಗ್ಗೆ ಹೇಳುತ್ತೇನೆ. ಪ್ರಕಟಣೆಯಲ್ಲಿ ಕಾಣುವ ಮೊತ್ತ ನೋಡಿ ಮೋಸ ಹೋಗಬೇಡಿ. ಅದು ನಿಮ್ಮ ಸಂಬಳ ಅಲ್ಲ, ನಿಮ್ಮನ್ನು ಇಟ್ಟುಕೊಳ್ಳಲು ಸಂಸ್ಥೆಗೆ ಬೀಳುವ ಖರ್ಚು. ನಿಮ್ಮ ಪಾಲಿನ ಕಂತು ಮಾತ್ರ ಅಲ್ಲ, ಸಂಸ್ಥೆಯ ಪಾಲಿನ ಕಂತನ್ನೂ ಅದರಿಂದಲೇ ಮುರಿಯುತ್ತಾರೆ. ಅದಕ್ಕೆ ಆ ಸಂಸ್ಥೆಯ ಸಂಬಳ ವಿಭಾಗಕ್ಕೆ ಬರೆದು, ಗಂಡ ಮತ್ತು ಒಂದು ಮಗು ಇರುವವರಿಗೆ ತಿಂಗಳ ಕೊನೆಗೆ ಖಾತೆಗೆ ಎಷ್ಟು ಬೀಳುತ್ತದೆ ಅಂತ ನೇರವಾಗಿ ಕೇಳಿ. ಉತ್ತರ ಕೊಡುತ್ತಾರೆ, ಸಂಕೋಚ ಬೇಡ.

ಇನ್ನೊಂದು ನಿಯಮವನ್ನು ಜನ ತಡವಾಗಿ ಓದುತ್ತಾರೆ. ಅರ್ಜಿಯ ಕೊನೆ ದಿನಕ್ಕಿಂತ ಹಿಂದಿನ 36 ತಿಂಗಳಲ್ಲಿ ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಹಂಬೋಲ್ಟ್ ಮೇಲೆ ಜರ್ಮನಿಗೆ ಬಂದು ಒಂದೂವರೆ ವರ್ಷ ಆದಮೇಲೆ, ಅದೇ ಊರಲ್ಲಿ ಮೇರಿ ಕ್ಯೂರಿ ಹಾಕೋಣ ಅಂದರೆ ಬಾಗಿಲು ಮುಚ್ಚಿರುತ್ತದೆ. ಬೇರೆ ದೇಶಕ್ಕೆ ಹಾಕಬಹುದು, ಆದರೆ ಮಗಳನ್ನು ಮತ್ತೆ ಹೊಸ ಶಾಲೆ, ಹೊಸ ಭಾಷೆಗೆ ಎಳೆದುಕೊಂಡು ಹೋಗಬೇಕು. ಹಾಗಾಗಿ ಯಾವುದಕ್ಕೆ ಹಾಕುತ್ತೀರಿ ಅನ್ನುವಷ್ಟೇ ಯಾವುದಕ್ಕೆ ಮೊದಲು ಹಾಕುತ್ತೀರಿ ಅನ್ನುವುದೂ ಮುಖ್ಯ. ಪಿಎಚ್‌ಡಿ ಆಗಿ ಎಷ್ಟು ವರ್ಷ ಅನ್ನುವ ಮಿತಿಯೂ ಇದೆ. ಹಂಬೋಲ್ಟ್‌ನ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ಸಂಶೋಧನೆ) ವಿಭಾಗಕ್ಕೆ 4 ವರ್ಷ, ಅನುಭವಿಗಳ ವಿಭಾಗಕ್ಕೆ 12, ಮೇರಿ ಕ್ಯೂರಿಗೆ 8. ಮಗುವಿಗಾಗಿ ಬಿಟ್ಟ ಸಮಯವನ್ನು ಪರಿಗಣಿಸುತ್ತಾರೆ, ಮರೆಯದೆ ತೋರಿಸಿ. ನಿಮಗೆ ಈಗ ಎರಡೂವರೆ ವರ್ಷ ಆಗಿದೆ ಅಂದರೆ, ಈ ಮೂರು ಮಿತಿಗಳಲ್ಲಿ ಮೊದಲು ಕೈ ಜಾರುವುದು ಹಂಬೋಲ್ಟ್‌ನ ಪೋಸ್ಟ್‌ಡಾಕ್ ವಿಭಾಗ.

ಪೈಪೋಟಿ ಬಗ್ಗೆ ಒಂದೇ ಮಾತು. ಮೇರಿ ಕ್ಯೂರಿ ಪೋಸ್ಟ್‌ಡಾಕ್‌ಗೆ 2024ರಲ್ಲಿ 10,360 ಅರ್ಜಿ ಬಂದಿದ್ದವು, 1,696 ಜನರಿಗೆ ಸಿಕ್ಕಿತು. ಸಿಗದಿದ್ದರೆ ಅದು ನಿಮ್ಮ ಯೋಗ್ಯತೆಯ ಮೇಲಿನ ತೀರ್ಪು ಅಂತ ತಿಳಿಯಬೇಡಿ. ಆದರೆ ಸುಮ್ನೆ ಒಂದು ಸಲ ಹಾಕಿ ನೋಡೋಣ ಅಂತಲೂ ಹಾಕಬೇಡಿ. ನಿಗದಿ ಮಾಡಿದ ಮಟ್ಟಕ್ಕಿಂತ ಕಡಿಮೆ ಅಂಕ ಬಂದರೆ ಮುಂದಿನ ವರ್ಷ ಅದೇ ಸಂಸ್ಥೆಯ ಜೊತೆ ಮತ್ತೆ ಹಾಕಲು ಬಿಡುವುದಿಲ್ಲ.

ಫುಲ್‌ಬ್ರೈಟ್‌ನ ಸ್ವಭಾವವೇ ಬೇರೆ. 1946ರಲ್ಲಿ, ಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದಿದ್ದ ಅಮೆರಿಕದ ಸಾಮಗ್ರಿ ಮಾರಿ ಬಂದ ದುಡ್ಡಿನಿಂದ ಶುರುವಾದ ಕಾರ್ಯಕ್ರಮ ಅದು. ದೇಶದೇಶಗಳ ಜನ ಹೋಗಿ ಬಂದು ಒಬ್ಬರನ್ನೊಬ್ಬರು ಅರಿಯಲಿ ಅನ್ನುವುದೇ ಉದ್ದೇಶ. ಹೋಗುವುದು ಎಷ್ಟು ಮುಖ್ಯವೋ ವಾಪಸ್ ಬರುವುದೂ ಅಷ್ಟೇ ಮುಖ್ಯ. ಅದಕ್ಕೇ ಜೆ-1 ವೀಸಾದ (ಹೀಗೆ ಹೋಗಿ ಬರುವವರಿಗೆ ಅಮೆರಿಕ ಕೊಡುವ ವೀಸಾ) ಜೊತೆ 2 ವರ್ಷದ ಷರತ್ತು ಬರುತ್ತದೆ: ಸ್ವದೇಶದಲ್ಲಿ ಒಟ್ಟು 2 ವರ್ಷ ಇದ್ದು ಮುಗಿಸುವವರೆಗೆ ಎಚ್-1ಬಿ ಕೆಲಸದ ವೀಸಾ ಆಗಲಿ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಆ 2 ವರ್ಷವನ್ನು ಯುರೋಪಿನಲ್ಲಿ ಕಳೆದರೆ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕ ಸರ್ಕಾರದ ದುಡ್ಡು ಸೇರಿರುವಾಗ ವಿನಾಯಿತಿ ಸಿಗುವುದೂ ಬಹಳ ಕಷ್ಟ. ನನ್ನ ಪರಿಚಯದ ಒಬ್ಬರು ಇದನ್ನು ಓದದೆ ಸಹಿ ಹಾಕಿದ್ದರು. ಫೆಲೋಶಿಪ್ ಮುಗಿಯುವ ಹೊತ್ತಿಗೆ ಅಲ್ಲೇ ಒಳ್ಳೆಯ ಕೆಲಸ ಸಿಕ್ಕಿತು. ಬಿಟ್ಟು ಹೊರಡಬೇಕಾಯಿತು.

ಆದರೆ ನೀವು ಈಗ ಕಾಯಂ ಕೆಲಸದಲ್ಲಿದ್ದು, ರಜೆ ಹಾಕಿ ಹೋಗಿ ಬರುವುದಾದರೆ ಫುಲ್‌ಬ್ರೈಟ್‌ನಂಥದ್ದು ಇನ್ನೊಂದಿಲ್ಲ. ಆ ಷರತ್ತು ನಿಮ್ಮನ್ನು ಕಟ್ಟಿಹಾಕುವುದೇ ಇಲ್ಲ, ಹೇಗಿದ್ದರೂ ವಾಪಸ್ ಹೋಗುತ್ತೀರಲ್ಲ. ಪಾಠ ಮಾಡುವುದಕ್ಕೆಂದೇ ಅಥವಾ ಪಾಠ, ಸಂಶೋಧನೆ ಎರಡಕ್ಕೂ ಕೊಡುವ ಗ್ರ್ಯಾಂಟ್‌ಗಳು ಅದರಲ್ಲಿವೆ. ಉಳಿದ ಎರಡೂ ಮುಖ್ಯವಾಗಿ ಸಂಶೋಧನೆಗೆ. ನಿಮಗೆ ಕಾಯಂ ಕೆಲಸ ಇದೆಯಾ ಇಲ್ಲವಾ ಅಂತ ಪತ್ರದಲ್ಲಿ ಬರೆದಿಲ್ಲ. ನನ್ನ ಸಲಹೆ ಅದರ ಮೇಲೆ ನಿಂತಿದೆ. ಕೆಲಸ ಇದ್ದರೆ ಫುಲ್‌ಬ್ರೈಟ್. ಇಲ್ಲದಿದ್ದರೆ, ಹೊರಗೇ ನೆಲೆ ನಿಲ್ಲುವ ಯೋಚನೆ ಇದ್ದರೆ, ಕಾಂಟ್ರ್ಯಾಕ್ಟ್ ಕೊಡುವ ಮೇರಿ ಕ್ಯೂರಿ ಮೊದಲು. ಅದರ ಫಲಿತಾಂಶ ಬರುವ ತನಕ ಕೈಕಟ್ಟಿ ಕೂರಬೇಡಿ. ಹಂಬೋಲ್ಟ್‌ನ ಅವಧಿ ಮುಗಿಯುವ ಮೊದಲೇ ಅದಕ್ಕೂ ಅರ್ಜಿ ಹೋಗಿರಲಿ.

ಪಾಠದ ಆಸೆ ಇರುವುದರಿಂದ ಇದನ್ನೂ ಹೇಳಬೇಕು. ಜರ್ಮನಿಯಲ್ಲಿ ಪದವಿ ತರಗತಿಗಳು ಹೆಚ್ಚಾಗಿ ಜರ್ಮನ್‌ನಲ್ಲೇ ನಡೆಯುತ್ತವೆ. ನಾನು ಮೊದಲ ಎರಡು ವರ್ಷ ಭಾಷೆ ಕಲಿಯಲಿಲ್ಲ, ಲ್ಯಾಬ್‌ನಲ್ಲಿ ಇಂಗ್ಲಿಷ್ ಸಾಕಾಗಿತ್ತು. ಆಮೇಲೆ ಮೂರು ವರ್ಷ ಸಂಜೆ ತರಗತಿಗೆ ಹೋದೆ. ಹಂಬೋಲ್ಟ್‌ನವರು ಫೆಲೋಶಿಪ್ ಶುರುವಾಗುವ ಮೊದಲು ಭಾಷೆ ಕಲಿಯಲು ಬೇರೆ ನೆರವು ಕೊಡುತ್ತಾರೆ, ಗಂಡನಿಗೂ ಅವಕಾಶ ಇದೆ. ಸಿಕ್ಕರೆ ಬಿಡಲೇಬೇಡಿ. ನಿಮ್ಮ ಗಂಡನಿಗೆ ಕೆಲಸ ಸಿಗುವುದೂ ಭಾಷೆಯ ಮೇಲೇ ನಿಂತಿದೆ. ಜರ್ಮನಿಯಲ್ಲಿ ಸಂಶೋಧಕರ ಜೊತೆ ಬಂದವರಿಗೆ ಕೆಲಸ ಮಾಡಲು ಅನುಮತಿ ಇದೆ. ಅಮೆರಿಕದಲ್ಲಿ ಜೆ-2 (ಜೆ-1 ಇರುವವರ ಸಂಸಾರಕ್ಕೆ ಕೊಡುವ ವೀಸಾ) ಮೇಲೆ ಬಂದವರು ಬೇರೆ ಅರ್ಜಿ ಹಾಕಿ ಕಾಯಬೇಕು. ಸಂಸಾರ ಜೊತೆಗೆ ಬರುವಾಗ ಇದನ್ನು ಮೊದಲೇ ಗಂಡನ ಜೊತೆ ಕೂತು ಮಾತಾಡಿ. ಒಬ್ಬರು ವರ್ಷಗಟ್ಟಲೆ ಮನೆಯಲ್ಲಿ ಕೂತರೆ ಎಷ್ಟು ಒಳ್ಳೆಯ ಫೆಲೋಶಿಪ್ ಆದರೂ ಭಾರವಾಗುತ್ತದೆ. ನಾನು ನೋಡಿದ್ದೇನೆ.

ಕೊನೆಯದು ಹೋಸ್ಟ್, ಅಂದರೆ ನೀವು ಯಾರ ಹತ್ತಿರ ಕೆಲಸ ಮಾಡುತ್ತೀರೋ ಅವರು. ನಾನು ಬಂದ ಏಳನೇ ತಿಂಗಳಿಗೆ ನನ್ನ ಪ್ರಾಧ್ಯಾಪಕರು ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟರು. ಆ ಮಾತುಕತೆ ನಡೆಯುತ್ತಿದ್ದದ್ದು ಲ್ಯಾಬ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಸಾಮಾನು ಕಟ್ಟುವ ದಿನ ನನ್ನ ಸ್ಯಾಂಪಲ್‌ಗಳ ಟ್ರೇ ಮೇಲೆ ಯಾರೋ ಹಳದಿ ಚೀಟಿ ಅಂಟಿಸಿದ್ದರು. "ಇದು ಹೋಗಬೇಕಾ, ಇಲ್ಲೇ ಇರಬೇಕಾ?" ಅಂತ ಅದರ ಮೇಲೆ ಬರೆದಿತ್ತು. ಹಾಗಾಗಿ ಪ್ರಾಧ್ಯಾಪಕರ ಪ್ರಬಂಧಗಳನ್ನು ಓದಿದರೆ ಸಾಲದು. ಅವರ ಹತ್ತಿರ ಈ ಮೊದಲು ಇದ್ದ ಇಬ್ಬರು ಪೋಸ್ಟ್‌ಡಾಕ್‌ಗಳನ್ನು ಹುಡುಕಿ ಫೋನಿನಲ್ಲಿ ಮಾತಾಡಿ. ಈಗ ಎಲ್ಲಿದ್ದೀರಿ, ಅಲ್ಲಿಗೆ ಹೋಗಲು ಅವರು ನೆರವಾದರಾ, ನಿಮ್ಮ ಕೆಲಸ ನಿಮ್ಮ ಹೆಸರಲ್ಲೇ ಬಂತಾ ಅಂತ ಕೇಳಿ. ಪ್ರಾಧ್ಯಾಪಕರನ್ನೂ ನೇರವಾಗಿ ಕೇಳಿ: ಮುಂದಿನ ಎರಡು ವರ್ಷ ನೀವು ಇಲ್ಲೇ ಇರುತ್ತೀರಾ? ಈ ಪ್ರಶ್ನೆಗೆ ಮುನಿಸಿಕೊಳ್ಳುವವರ ಹತ್ತಿರ ಹೋಗದಿರುವುದೇ ಮೇಲು.

ಯುರೋಪಿಗೇ ಬರುವುದಾದರೆ ಫೆಲೋಶಿಪ್ ಮುಗಿದ ಕೂಡಲೇ ಗಂಟುಮೂಟೆ ಕಟ್ಟಬೇಕಾಗಿಲ್ಲ. ಡೆನ್ಮಾರ್ಕ್, ಐರ್ಲೆಂಡ್ ಬಿಟ್ಟು ಉಳಿದ ಒಕ್ಕೂಟದ ದೇಶಗಳಲ್ಲಿ ಸಂಶೋಧಕರ ಪರವಾನಗಿ ಇದ್ದವರಿಗೆ ಕೆಲಸ ಹುಡುಕಲು ಕನಿಷ್ಠ 9 ತಿಂಗಳು ಸಿಗುತ್ತದೆ. ಆದರೆ ಆ 9 ತಿಂಗಳ ಖರ್ಚು, ವಿಮೆ ನಿಮ್ಮದೇ. ಸ್ಟೈಪೆಂಡ್ ಮೇಲೆ ಬಂದರೆ ಮೊದಲ ತಿಂಗಳಿಂದಲೇ ಅದಕ್ಕೆ ಅಂತ ತೆಗೆದಿಡಿ.

ಈಗ ನನಗೆ ಮೂರು ವಿಷಯ ಬರೆದು ಕಳಿಸಿ. ಪಿಎಚ್‌ಡಿ ಪ್ರಮಾಣಪತ್ರದ ಮೇಲಿರುವ ತಾರೀಖು, ಕಳೆದ ಮೂರು ವರ್ಷ ಯಾವ ಯಾವ ದೇಶದಲ್ಲಿ ಎಷ್ಟು ತಿಂಗಳು ಇದ್ದಿರಿ, ರಜೆ ಸಿಗುವ ಕಾಯಂ ಕೆಲಸ ಇದೆಯಾ ಇಲ್ಲವಾ. ಹೋಸ್ಟ್‌ಗೆ ಬರೆಯಬೇಕೆಂದಿರುವ ಮೊದಲ ಪತ್ರದ ಕರಡನ್ನೂ ಜೊತೆಗೆ ಹಾಕಿ. ಭಾನುವಾರ ಕೂತು ಓದುತ್ತೇನೆ.