ಪ್ರತಿಕ್ರಿಯೆ: ಯೂರಿಯಾ ತಣ್ಣಗೆ, ಸುಣ್ಣ ಬಿಸಿ, ಯಾಕೆ?

ಕಬ್ಬಿಗೆ ಸಿಂಪಡಿಸಲು ಯೂರಿಯಾ ಕರಗಿಸಿದರೆ ಬಕೆಟ್ ತಣ್ಣಗಾಗುತ್ತದೆ, ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಯಾಕೆ ಅಂತ ಕೇಳಿದ್ದೀರಿ.

ಯೂರಿಯಾ ಕಾಳಿನಲ್ಲಿ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಬಿಡಿಸಲು ಶಾಖ ಬೇಕು. ನೀರಿನ ಜೊತೆ ಬೆರೆತಾಗ ಒಂದಿಷ್ಟು ವಾಪಸ್ ಸಿಗುತ್ತದೆ, ಆದರೆ ಖರ್ಚಾದಷ್ಟಲ್ಲ. ಉಳಿದದ್ದನ್ನು ನೀರಿನಿಂದಲೇ ಎಳೆದುಕೊಳ್ಳುತ್ತದೆ. ಮಂಡ್ಯದ ಬಿಸಿಲಲ್ಲೂ ನಮ್ಮ ಬಕೆಟ್ಟಿನ ಹೊರಗೆ ಹನಿ ಕಟ್ಟಿದ್ದನ್ನು ಮುಟ್ಟಿ ನೋಡಿದ್ದೇನೆ, ಎಷ್ಟು ಚೆಂದ ಅಲ್ವಾ! ಹೀಗೆ ಶಾಖ ಒಳಗೆಳೆದುಕೊಳ್ಳುವುದೇ ಅಂತರುಷ್ಣಕ.

ಸುಣ್ಣದ್ದು ಬಹಿರುಷ್ಣಕ, ಅಂದರೆ ಶಾಖ ಹೊರಬಿಡುವಂಥದ್ದು. ಅಲ್ಲಿ ಸುಮ್ನೆ ಕರಗುವುದಲ್ಲ, ನೀರು ಸೇರಿ ಹೊಸ ಪದಾರ್ಥವೇ ಆಗುತ್ತದೆ. 56 ಗ್ರಾಂ ಸುಟ್ಟ ಸುಣ್ಣದಿಂದ ಸುಮಾರು 65 ಕಿಲೋಜೌಲ್ ಹೊರಬರುತ್ತದೆ. ಕಾಲು ಲೀಟರ್ ನೀರಿನ ಬಿಸಿ 60 ಡಿಗ್ರಿ ಏರಲು ಅಷ್ಟು ಸಾಕು. ದಯವಿಟ್ಟು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಾಡಬೇಡಿ, ಕಣ್ಣು ಜೋಪಾನ.