ಅಜ್ಜನ ಕ್ಯಾಮೆರಾಕ್ಕೆ ಹುಣಸೆಹಣ್ಣು ಬೇಡ

ಪ್ರಶ್ನೆ: ಅಜ್ಜ ಗದಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮನೆ ರಿಪೇರಿ ಮಾಡುವಾಗ ಅಟ್ಟದ ಮೇಲೆ ಅವರ ಕಟ್ಟಿಗೆ ಕ್ಯಾಮೆರಾ, ಹಿತ್ತಾಳೆ ಲೆನ್ಸ್, ಒಂದು ಡಬ್ಬಿ ಗಾಜಿನ ನೆಗೆಟಿವ್ ಸಿಕ್ಕವು. ಒಂದರಲ್ಲಿ ತ್ರಿಕೂಟೇಶ್ವರ ಗುಡಿ ಇದೆ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ತಿಕ್ಕು ಅಂತಾರೆ ಅವ್ವ. ಗಾಜುಗಳನ್ನೂ ತೊಳೆಯಬಹುದಾ? ಮಾರಿದರೆ ಎಷ್ಟು ಬರಬಹುದು?
– ಓದುಗರು, ಗದಗ

ಉತ್ತರ: ಬೇಡ, ದಯವಿಟ್ಟು ಯಾವುದನ್ನೂ ತೊಳೆಯಬೇಡಿ. ಮಾರೋ ಮಾತು ಆಮೇಲೆ. ನಿಮ್ಮ ಹತ್ತಿರ ಇರುವುದರಲ್ಲಿ ಕ್ಯಾಮೆರಾಕ್ಕಿಂತ ದೊಡ್ಡದು ಆ ಡಬ್ಬಿ. ಅಂಥ ಕ್ಯಾಮೆರಾ ಇನ್ನೊಂದು ಸಿಗುತ್ತೆ, ಅಜ್ಜ ತೆಗೆದ ಗದಗ ಇನ್ನೊಂದು ಸಿಗಲ್ಲ.

ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದು ಮಗ್ಗಲು ಹೊಳೆಯುತ್ತೆ, ಇನ್ನೊಂದು ಮಂಕಾಗಿರುತ್ತೆ. ಚಿತ್ರ ಇರೋದು ಆ ಮಂಕು ಮಗ್ಗಲಲ್ಲಿ, ತೆಳುವಾದ ಜೆಲಾಟಿನ್ ಪದರದೊಳಗೆ. ನೀರು ಬಿದ್ದರೆ ಆ ಪದರ ಉಬ್ಬುತ್ತೆ, ಹಳೇ ಗಾಜಾದರೆ ಅಂಚಿನಿಂದ ಎದ್ದೇ ಬರುತ್ತೆ. ಅಂಚು ಹಿಡಿದು ಎತ್ತಿ, ಹೊಳೆಯುವ ಮಗ್ಗಲನ್ನು ಮಾತ್ರ ಮೆತ್ತನೆ ಒಣ ಬ್ರಶ್‌ನಿಂದ ಸವರಿ. ಒಂದೊಂದಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ, ಗಾಜು ಒಳಗೆ ಹಾಕುವ ಮುಂಚೆಯೇ ಯಾರು, ಎಲ್ಲಿ ಅಂತ ಪೆನ್ಸಿಲ್‌ನಿಂದ ಬರೆದು, ಉದ್ದ ಅಂಚಿನ ಮೇಲೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಕೆಳಗಿನವು ಒಡೆಯುತ್ತವೆ. ಟ್ಯಾಬ್ಲೆಟ್ ಸ್ಕ್ರೀನನ್ನು ಪೂರ್ತಿ ಬೆಳ್ಳಗೆ ಮಾಡಿ, ಅದರಿಂದ ಸ್ವಲ್ಪ ಮೇಲೆ ಗಾಜು ಹಿಡಿದು, ಮೊಬೈಲ್‌ನಲ್ಲಿ ಫೋಟೋ ತೆಗೆದು, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗುವಂತೆ ಬಣ್ಣ ತಿರುವಿ ಹಾಕಿ. ಗುಡಿ ಮುಂದೆ ನಿಂತವರ ಮುಖ ಕಾಣುತ್ತೆ. ಗುರುತು ಹಿಡಿಯೋ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಇನ್ನು ಕ್ಯಾಮೆರಾ. ಹಳೇ ಲೆನ್ಸಿನ ಹಿತ್ತಾಳೆ ಮೇಲೆ ಬಂಗಾರದ ಬಣ್ಣದ ಲ್ಯಾಕರ್ ಲೇಪ ಇರುತ್ತೆ, ಹುಳಿ ಹಚ್ಚಿ ತಿಕ್ಕಿದರೆ ಅದು ಹೋಗುತ್ತೆ, ಸಂಗ್ರಾಹಕರು ಮೊದಲು ನೋಡೋದೇ ಅದನ್ನು. ಲೆನ್ಸಿನ ಸುತ್ತ ಕೆತ್ತಿದ ಹೆಸರು, ನಂಬರ್ ಬರೆದುಕೊಳ್ಳಿ. ಲಂಡನ್ನಿನ ರಾಸ್, ಡಾಲ್‌ಮೇಯರ್ ಕಂಪನಿಗಳ ಲೆನ್ಸಾದರೆ ನಂಬರಿನಿಂದಲೇ ಸುಮಾರು ಯಾವ ಕಾಲದ್ದು ಅಂತ ಗೊತ್ತಾಗುತ್ತೆ. ಕಟ್ಟಿಗೆ ಮೇಲೂ ಹೆಸರಿನ ಪಟ್ಟಿ ಇದೆಯಾ ನೋಡಿ. ಕೇರಳದ ಆಲಪ್ಪುಳದಲ್ಲಿ ತೇಗದಿಂದ ಮಾಡುತ್ತಿದ್ದ ವಾಗೀಶ್ವರಿ ಕೂಡ ಆಗಿರಬಹುದು, ಆಗಿದ್ದರೆ ನನಗೆ ವಿಲಾಯತಿ ಕ್ಯಾಮೆರಾಕ್ಕಿಂತ ಅದೇ ಹೆಚ್ಚು ಖುಷಿ! ವಾರ್ನಿಶ್ ಬಳಿಯಬೇಡಿ. ಹಾರ್ಮೋನಿಯಂ ತಿದಿ ಹಾಗೆ ಮಡಚೋ ಬೆಲ್ಲೋಸನ್ನು ಎಳೆಯೋಕೆ ಹೋಗಬೇಡಿ, ಚರ್ಮ ಒಣಗಿದ್ದರೆ ಮಡಿಕೆಯಲ್ಲೇ ಸೀಳುತ್ತೆ. ಮೆಲ್ಲಗೆ ಬಿಚ್ಚಿಕೊಂಡರೆ ಮಾತ್ರ ಕತ್ತಲೆ ಕೋಣೆಯಲ್ಲಿ ಒಳಗೆ ಟಾರ್ಚ್ ಬಿಟ್ಟು ತೂತು ಹುಡುಕಿ. ಇಷ್ಟಾದ ಮೇಲೂ ಮಾರಲೇಬೇಕು ಅನಿಸಿದರೆ ಕ್ಯಾಮೆರಾ ಮಾರಿ, ಗಾಜು ಇಟ್ಟುಕೊಳ್ಳಿ.

ಪ್ರಶ್ನೆ: ಯಾಶಿಕಾ ಮ್ಯಾಟ್ 124ಜಿ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿವೆ. ಬಿಸಾಕಬೇಕಾ?
– ಓದುಗರು, ಧಾರವಾಡ

ಉತ್ತರ: ಅಯ್ಯೋ, ಬೇಡ! ಅದು ಫಂಗಸ್. ಧಾರವಾಡದ ಮಳೆಗಾಲದಲ್ಲಿ ಚರ್ಮದ ಕೇಸೊಳಗೆ ಇಟ್ಟರೆ ಬರೋದೇ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತೆ. ಈ ಕ್ಯಾಮೆರಾಕ್ಕೆ ಮೇಲೊಂದು ಕೆಳಗೊಂದು ಎರಡು ಲೆನ್ಸ್, ಯಾವುದರಲ್ಲಿದೆ ನೋಡಿ. ಮೇಲಿನದು ಬರೀ ನೋಡೋಕೆ, ಫೋಟೋ ಬೀಳೋದು ಕೆಳಗಿನದರಿಂದ. ಕೆಳಗಿನದಾದರೆ ಬೇಗ ಬಿಚ್ಚಿಸಿ ಒರೆಸಿಸಿ, ತಡವಾದರೆ ಗಾಜನ್ನೇ ತಿನ್ನುತ್ತೆ. ಆಮೇಲೆ ಕೇಸ್ ಬೇರೆ, ಕ್ಯಾಮೆರಾ ಬೇರೆ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ಪ್ರಶ್ನೆ: ಆಗ್ಫಾ ಕ್ಲಿಕ್ 3 ತೋರಿಸಿ ‘ಆಂಟಿಕ್’ ಅಂತ ಭಾರೀ ರೇಟು ಹೇಳುತ್ತಿದ್ದಾರೆ. ಸಂಗ್ರಹ ಈಗ ಶುರು ಮಾಡಿದ್ದೇನೆ, ತಗೊಳ್ಳಲಾ?
– ಓದುಗರು, ಹಾವೇರಿ

ಉತ್ತರ: ಕ್ಯಾಮೆರಾ ಒಳ್ಳೇದು, ರೇಟು ಅಲ್ಲ. ನಮ್ಮ ಬರೋಡಾದಲ್ಲೇ ತಯಾರಾಗಿ ಊರೂರಿಗೆ ಹೋದ ಕ್ಯಾಮೆರಾ ಅದು, ಅಪರೂಪದ್ದಲ್ಲ. ಮೊದಲು ನೆಂಟರ ಮನೆಗಳಲ್ಲಿ ಕೇಳಿ. ಸಿಕ್ಕರೆ ಹಿಂದಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದು ಕ್ಲಿಕ್ ಮಾಡಿ, ಶಟರ್ ತೆರೆದು ಮುಚ್ಚಿದರೆ ಸಾಕು. ಅದಕ್ಕೆ ಹಾಕೋ 120 ಅನ್ನೋ ಅಳತೆಯ ಫಿಲ್ಮ್ ಈಗಲೂ ಸಿಗುತ್ತೆ, ಒಂದು ರೋಲಿಗೆ 12 ಫೋಟೋ ಬರುತ್ತವೆ.