ಗಾಡಿ ಪ್ರಶ್ನೋತ್ತರ: ಸ್ನೋಮೊಬೈಲಿನ ರೇಡಿಯೇಟರ್ ಎಲ್ಲಿ?

ಪ್ರಶ್ನೆ: ಮಗ ಕೆನಡಾದಲ್ಲಿ ಕೆಲಸದಲ್ಲಿದಾನೆ, ಈ ಚಳಿಗಾಲಕ್ಕೆ ಹೊಸ ಮಾಡೆಲ್ ಸ್ನೋಮೊಬೈಲ್, ಅದೇ ಹಿಮದ ಮೇಲೆ ಓಡೋ ಗಾಡಿ, ತಗೋತೀನಿ ಅಂತಿದಾನೆ. ವಿಡಿಯೋ ಕಾಲಲ್ಲಿ ಶೋರೂಮಿನ ಗಾಡಿ ತೋರಿಸ್ದ, ಎಲ್ಲೂ ರೇಡಿಯೇಟರ್ ಕಾಣ್ಲಿಲ್ಲ. ಅಷ್ಟು ಚಳೀಲಿ ಕೂಲಿಂಗೇ ಬೇಡ್ವಾ?
— ಓದುಗರು, ಹೊಸನಗರ

ಬೇಕು, ಚೆನ್ನಾಗೇ ಬೇಕು. ಹೊರಗಡೆ ಮೈನಸ್ 20 ಡಿಗ್ರಿ ಇದ್ರೂ ಸಿಲಿಂಡರ್ ಒಳಗೆ ಉರಿಯೋದು ಬೆಂಕೀನೇ, ಸುಟ್ಟ ಪೆಟ್ರೋಲಲ್ಲಿ ಗಾಡಿ ಎಳೆಯೋಕೆ ಸಿಗೋದು ಸಣ್ಣ ಪಾಲು, ಮಿಕ್ಕಿದ್ದೆಲ್ಲ ಬಿಸಿಯಾಗಿ ಸೈಲೆನ್ಸರ್ ಕಡೆಯಿಂದಲೋ ಕೂಲೆಂಟ್ ಕಡೆಯಿಂದಲೋ ಹೊರಗೆ ಹೋಗ್ಲೇಬೇಕು. ನಿಮ್ಮ ಮಗನ ಗಾಡೀಲಿ ಅದಕ್ಕೆ ದಾರಿ ಸೀಟಿನ ಕೆಳಗಿದೆ. ಚಕ್ರದ ಬದಲು ಗಾಡಿ ಓಡಿಸೋ ಅಗಲದ ರಬ್ಬರ್ ಪಟ್ಟೆ, ಅಂದ್ರೆ ಟ್ರ್ಯಾಕ್, ಸುತ್ತೋ ಜಾಗಕ್ಕೆ ಟನಲ್ ಅಂತಾರೆ, ಅದರ ಒಳಮೈಗೆ ಉದ್ದಕ್ಕೆ ಅಲ್ಯೂಮಿನಿಯಂ ಪಟ್ಟಿಗಳಿರತ್ತೆ, ಅವುಗಳೊಳಗೆ ಕೂಲೆಂಟ್ ಹರೀತಿರತ್ತೆ. ಓಡುವಾಗ ಟ್ರ್ಯಾಕ್ ಹಿಮ ಕೆದಕಿ ಮೇಲಕ್ಕೆ ಎರಚತ್ತೆ, ಅದು ಪಟ್ಟಿಗೆ ಬಡಿದು ಕರಗತ್ತೆ, ಕರಗ್ತಾ ಬಿಸಿ ಎಳ್ಕೊಳ್ಳತ್ತೆ. ಹಿಮದ ಶಕ್ತಿ ಎಷ್ಟಿದೆ ನೋಡಿ, 0 ಡಿಗ್ರಿಯ 1 ಕೆಜಿ ಹಿಮ ಬರೀ ನೀರಾಗೋಕೆ ಹಿಡಿಯೋ ಬಿಸೀಲಿ ಅಷ್ಟೇ ನೀರನ್ನ 0ಯಿಂದ ಸುಮಾರು 80 ಡಿಗ್ರಿವರೆಗೂ ಕಾಯಿಸ್ಬೋದು! ಅದಕ್ಕೇ ಮುಂದೆ ದೊಡ್ಡ ರೇಡಿಯೇಟರ್ ಹೊತ್ಕೊಂಡು ತೂಕ ಹೆಚ್ಚಿಸ್ಕೊಳ್ಳೋದು ಬೇಡ ಅಂತ ಈ ಏರ್ಪಾಡು. ಕೆಲವು ಮಾಡೆಲ್‌ಗಳಿಗೆ ಜೊತೆಗೊಂದು ಚಿಕ್ಕ ರೇಡಿಯೇಟರ್ ಕೊಡೋದೂ ಉಂಟು.

ತೊಂದರೆ ಬರೋದು ಸಡಿಲ ಹಿಮ ಇಲ್ದೆ ಇದ್ದಾಗ. ಕೆರೆ ಮೇಲಿನ ಗಟ್ಟಿ ಐಸು, ಓಡಾಡಿ ಓಡಾಡಿ ಕಲ್ಲಾಗಿರೋ ಟ್ರೇಲು, ಇಂಥಾ ಕಡೆ ಟ್ರ್ಯಾಕ್‌ಗೆ ಎರಚೋಕೆ ಏನೂ ಸಿಗಲ್ಲ, ಸ್ವಲ್ಪ ಹೊತ್ತಲ್ಲೇ ಟೆಂಪರೇಚರ್ ಲೈಟ್ ಹತ್ತತ್ತೆ. ಹಿಮದ ಊರಲ್ಲಿ ಓವರ್‌ಹೀಟ್! ಟ್ರ್ಯಾಕ್ ಜಾರೋ ಪ್ಲಾಸ್ಟಿಕ್ ಪಟ್ಟಿಗಳಿಗೂ ಹಿಮಾನೇ ಗ್ರೀಸ್ ಇದ್ದಂಗೆ, ಅದಿಲ್ದಿದ್ರೆ ಅವೂ ಕಾದು ಕರಗತ್ತೆ. ಅದಕ್ಕೆ ಐಸ್ ಸ್ಕ್ರ್ಯಾಚರ್ ಅಂತ ಸ್ಪ್ರಿಂಗಿನ ಕೊಕ್ಕೆ ಬರತ್ತೆ, ನೆಲಕ್ಕೆ ಕೆರೀತಾ ಐಸ್ ಪುಡಿ ಎಬ್ಬಿಸಿ ಟ್ರ್ಯಾಕ್‌ಗೆ ಕೊಡತ್ತೆ. ಗಾಡಿಯ ಜೊತೇಲೇ ಹಾಕಿಸ್ಕೋ ಅಂತ ಮಗನಿಗೆ ಇವತ್ತೇ ಹೇಳಿ.

ಪ್ರಶ್ನೆ: ನಮ್ಮದು ಹಳೇ ಟೂ ಸ್ಟ್ರೋಕ್ ಗಾಡಿ ರಿಪೇರಿ ಗ್ಯಾರೇಜು. ಸ್ನೋಮೊಬೈಲ್ ಫೋಟೋ ನೋಡಿದ್ರೆ ಬಾನೆಟ್ ಒಳಗೆ ಹೊಟ್ಟೆ ಉಬ್ಬಿದ ದೊಡ್ಡ ಪೈಪ್ ಒಂದಿದೆ. ಆರ್‌ಎಕ್ಸ್ 100 ಸೈಲೆನ್ಸರಿನ ಲೆಕ್ಕಾನೇ ಇಲ್ಲೂ ಇರೋದಾ?
— ಓದುಗರು, ತೀರ್ಥಹಳ್ಳಿ

ಅದೇ ಲೆಕ್ಕ. ಟೂ ಸ್ಟ್ರೋಕಲ್ಲಿ ಎಕ್ಸಾಸ್ಟಿಗೆ ವಾಲ್ವ್ ಬಾಗಿಲಿಲ್ಲ, ಸಿಲಿಂಡರ್ ಗೋಡೇಲಿರೋ ತೂತು, ಅಂದ್ರೆ ಪೋರ್ಟ್, ತೆರೆದಾಗ ಹೊಗೆ ಜೊತೆ ಹೊಸ ಪೆಟ್ರೋಲ್ ಗಾಳೀನೂ ಒಂದಷ್ಟು ಆಚೆ ನುಗ್ಗತ್ತೆ. ಪೈಪು ಮೊದಲು ಅಗಲ ಆಗ್ತಾ ಹೋಗಿ, ಹೊಟ್ಟೆ ದಾಟಿ, ಆಮೇಲೆ ಕಿರಿದಾಗೋದು ಯಾಕೆ ಅಂದ್ರೆ ಅಗಲ ಆಗೋ ಭಾಗ ಹೊಗೇನ ಎಳೆಯತ್ತೆ, ಕಿರಿದಾಗೋ ಭಾಗ ಬಾವಿಯಲ್ಲಿ ಕೂಗಿದ ಕೂಗಿನ ಹಾಗೆ ಒತ್ತಡದ ಅಲೇನ ವಾಪಸ್ ಕಳಿಸತ್ತೆ, ಆ ಅಲೆ ಪೋರ್ಟ್ ಮುಚ್ಚೋಕೆ ಸ್ವಲ್ಪ ಮುಂಚೆ ಬಂದು ಆಚೆ ಹೋಗಿದ್ದ ಹೊಸ ಗಾಳೀನ ಒಳಕ್ಕೆ ತಳ್ಳತ್ತೆ. ಆರ್‌ಎಕ್ಸ್ ಒಂದು ಆರ್‌ಪಿಎಂ ದಾಟಿದ್ಮೇಲೆ ಎದ್ದು ಓಡ್ತಿತ್ತಲ್ಲ, ಅದು ಅಲೆ ಸರಿಯಾದ ಟೈಮಿಗೆ ಬಂದಾಗ ಸಿಗೋ ಎಳೆತ.

ಬೈಕಲ್ಲಿ ಗೇರ್ ಬದಲಾದಂಗೆ ಆರ್‌ಪಿಎಂ ಏರಿಳಿಯತ್ತೆ. ಸ್ನೋಮೊಬೈಲಲ್ಲಿ ಗೇರಿಲ್ಲ, ಸ್ಕೂಟರಿನ ತರ ಬೆಲ್ಟ್ ಡ್ರೈವ್. ಫುಲ್ ಥ್ರಾಟಲಲ್ಲಿ ಇಂಜಿನ್ ಸುಮಾರು 8000 ಆರ್‌ಪಿಎಂ ಹಿಡಿದು ಅಲ್ಲೇ ನಿಲ್ಲತ್ತೆ, ಹಾಗಾಗಿ ಪೈಪನ್ನ ಆ ಒಂದು ಜಾಗಕ್ಕೇ ಬಿಗಿಯಾಗಿ ಟ್ಯೂನ್ ಮಾಡ್ಬೋದು. ನನಗೆ ಬಹಳ ಇಷ್ಟವಾದ ವಿಷಯ ಇದು. ಆದ್ರೆ ಪೈಪ್ ಕಾದಷ್ಟೂ ಅಲೆ ಬೇಗ ಓಡತ್ತೆ, ತಣ್ಣಗಿದ್ರೆ ತಡವಾಗತ್ತೆ. ಅದಕ್ಕೆ ಈಗಿನ ಗಾಡಿಗಳಲ್ಲಿ ಪೈಪಿಗೇ ಒಂದು ಟೆಂಪರೇಚರ್ ಸೆನ್ಸರ್ ಕೂರಿಸಿ ಕಂಪ್ಯೂಟರು ಇಗ್ನಿಷನ್, ಪೆಟ್ರೋಲ್ ಎರಡನ್ನೂ ಹೊಂದಿಸತ್ತೆ. ಸ್ಕಿ-ಡೂ ಕಂಪನಿಯ ಗಾಡಿಗಳಿಗೆ ಬರೋ ರೊಟ್ಯಾಕ್ಸ್ ಇಂಜಿನ್‌ಗಳಲ್ಲಿ ಪೋರ್ಟಿನ ಎತ್ತರಾನೇ ಬದಲಾಯಿಸೋ ರೇವ್ ವಾಲ್ವ್ ಕೂಡ ಇದೆ. ಸದ್ದು ಚೆನ್ನಾಗಿ ಬರತ್ತೆ ಅಂತ ಹೊರಗಿನ ಪೈಪ್ ಹಾಕಿಸೋರು ಈ ಹೊಂದಾಣಿಕೇನೆಲ್ಲ ಕೆಡಿಸ್ತಾರೆ, ಕೊನೆಯ ಸಣ್ಣ ಕೊಳವೆ ಅಳತೆಗಿಂತ ಚಿಕ್ಕದಾದ್ರೆ ಬಿಸಿ ಪಿಸ್ಟನ್ ತಲೆಗೇ ಹೋಗಿ ತೂತು ಬೀಳೋದೂ ಉಂಟು.

ಪ್ರಶ್ನೆ: ಹೊಸ ಟರ್ಬೊ ಸ್ನೋಮೊಬೈಲ್ ಇಂಜಿನ್ ನಂಬಬಹುದಾ? ತಮ್ಮ ಅಮೆರಿಕಾದಲ್ಲಿ ಬುಕ್ ಮಾಡೋಕೆ ಹೊರಟಿದಾನೆ.
— ಓದುಗರು, ಶಿವಮೊಗ್ಗ

ಮೊದಲ ವರ್ಷದ ಮಾಡೆಲ್ ತಗೋಬೇಡಿ ಅನ್ನೋದೇ ನನ್ನ ಮಾತು. ಸ್ಕಿ-ಡೂ ಕಂಪನಿ 850 ಇ-ಟೆಕ್ ಇಂಜಿನ್ನನ್ನ 2017ರ ಮಾಡೆಲಲ್ಲಿ ತಂತು, ಅದಕ್ಕೆ ಟರ್ಬೊ, ಅಂದ್ರೆ ಗಾಳೀನ ಒತ್ತಿ ಇಂಜಿನ್ನಿಗೆ ತುಂಬೋ ಪಂಪು, ಸೇರಿಸಿದ್ದು 2020ರ ಮಾಡೆಲಲ್ಲಿ. ಪೊಲಾರಿಸ್ ಕಂಪನಿಯ ಟೂ ಸ್ಟ್ರೋಕ್ ಟರ್ಬೊ ಬಂದಿದ್ದು 2022ರ ಮಾಡೆಲಿಗೆ. ಗಾಳಿ ತೆಳುವಾಗಿರೋ ಎತ್ತರದ ಬೆಟ್ಟದಲ್ಲಿ ಟರ್ಬೊ ನಿಜವಾಗ್ಲೂ ಉಪಯೋಗ, ಬಯಲಲ್ಲಿ ಓಡಿಸೋನಿಗೆ ಅದು ಬಾನೆಟ್ ಒಳಗೆ ಇನ್ನೊಂದು ಬಿಸಿ ಹೆಚ್ಚಿಸ್ಕೊಂಡಂಗೆ. ನಿಮ್ಮ ತಮ್ಮ ಹಾರ್ಸ್‌ಪವರ್ ಕೇಳೋ ಮುಂಚೆ ಟನಲ್ ಪಟ್ಟಿ ಎಷ್ಟುದ್ದ ಇದೆ, ಬೆಲ್ಟ್ ಇರೋ ಕಡೆಗೆ ಗಾಳಿ ಹೋಗತ್ತಾ, ಪೈಪಿಗೂ ಗಾಳಿ ಒಳಗೆ ಎಳೆಯೋ ಇಂಟೇಕಿಗೂ ನಡುವೆ ಏನು ಮರೆ ಇದೆ, ವಾರಂಟಿ ಎಷ್ಟು ವರ್ಷ ಅಂತ ಕೇಳ್ಲಿ. ಯಮಹಾ ಬೇಡ ಅಂತೀನಿ, ಗಾಡಿ ಕೆಟ್ಟದು ಅಂತಲ್ಲ, 2025ರ ಮಾಡೆಲಿಗೇ ಸ್ನೋಮೊಬೈಲ್ ಮುಗಿಸ್ತೀವಿ ಅಂತ ಅವರೇ 2023ರಲ್ಲಿ ಹೇಳಿದಾರೆ.

ಇನ್ನೊಂದು ಮಾತು, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಥ್ರಾಟಲ್ ಜೋರಾಗಿ ಒತ್ತಬಾರದು. ಪಿಸ್ಟನ್ ಬೇಗ ಕಾದು ಹಿಗ್ಗತ್ತೆ, ಸುತ್ತ ತಣ್ಣಗಿನ ಕೂಲೆಂಟ್ ಇರೋ ಸಿಲಿಂಡರ್ ಅಷ್ಟು ಬೇಗ ಹಿಗ್ಗಲ್ಲ, ಹಿಡ್ಕೊಂಬಿಡತ್ತೆ. ಚಳೀಲಿ ಸೀಜ್ ಆಗೋದು ಹೀಗೇ.

ಪ್ರಶ್ನೆ: ತೋಟದ ಕಳೆ ಹೊಡೆಯೋ ಮಿಷನ್ ಅರ್ಧ ಗಂಟೆ ಓಡಿದ್ರೆ ಎಳೆತ ಬಿಟ್ಟು ನಿಂತು ಹೋಗತ್ತೆ, ತಣ್ಣಗಾದ್ಮೇಲೆ ಮತ್ತೆ ಸ್ಟಾರ್ಟ್ ಆಗತ್ತೆ. ಆಯಿಲ್ ಜಾಸ್ತಿ ಹಾಕ್ಲಾ?
— ಓದುಗರು, ಸಾಗರ

ಬೇಡ. ಆಯಿಲ್ ಜಾಸ್ತಿ ಆದಷ್ಟೂ ಕಾರ್ಬನ್ ಕಟ್ಟತ್ತೆ. ಪುಸ್ತಕದಲ್ಲಿ 50:1 ಅಂತಿದ್ರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 40:1 ಅಂತಿದ್ರೆ 25 ಮಿಲಿ, ಅಷ್ಟೇ. ಇದಕ್ಕೆ ನೀರೂ ಇಲ್ಲ ಹಿಮಾನೂ ಇಲ್ಲ, ಫ್ಲೈವೀಲ್ ಫ್ಯಾನಿನ ಗಾಳಿ ಸಿಲಿಂಡರಿನ ರೆಕ್ಕೆಗಳ ಮಧ್ಯೆ ಹಾದು ಹೋಗ್ಬೇಕು, ಮಳೆಗಾಲದಲ್ಲಿ ಒದ್ದೆ ಹುಲ್ಲಿನ ಚೂರು ಅಲ್ಲಿ ಮೆತ್ಕೊಂಡು ಒಣಗಿ ಗಟ್ಟಿಯಾಗಿರತ್ತೆ. ಕವರ್ ಬಿಚ್ಚಿ ಕಡ್ಡಿಯಿಂದ ಕೆರೆದು ತೆಗೀರಿ. ಆಮೇಲೆ ಸೈಲೆನ್ಸರ್ ಬಿಚ್ಚಿ ಒಳಗಿನ ಸಣ್ಣ ಜಾಲರಿ ಬೆಳಕಿಗೆ ಹಿಡೀರಿ, ಕಣ್ಣುಗಳು ಕಾಣ್ದೆ ಇದ್ರೆ ಹೊಗೆ ಹೋಗೋಕೆ ದಾರಿ ಇಲ್ಲ ಅಂತ ಅರ್ಥ, ಬ್ರಶ್ ಹಾಕಿ ಉಜ್ಜಿ. ಪೋರ್ಟಲ್ಲೂ ಕರೀ ಪದರ ಕಂಡ್ರೆ ಪ್ಲಗ್ ತೆಗೆದು ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ ಮೇಲಕ್ಕೆ ತಂದು ಪೋರ್ಟ್ ಮುಚ್ಚಿಸಿ, ಅಡಿಕೆ ದಬ್ಬೆಯ ಚೂಪು ತುದಿಯಿಂದ ಕೆರೀರಿ, ಸ್ಕ್ರೂಡ್ರೈವರ್ ಮಾತ್ರ ಹಾಕ್ಬೇಡಿ, ಪಿಸ್ಟನ್ ಮೇಲೆ ಗೀರು ಬೀಳತ್ತೆ. ಇಷ್ಟಾದ್ಮೇಲೂ ನಿಂತ್ರೆ ಕಾರ್ಬ್ಯುರೇಟರ್ ಮತ್ತು ಕಾಯಿಲ್ ಕಡೆ ನೋಡ್ಬೇಕು, ಮಿಷನ್ ಯಾವ ಮಾಡೆಲ್ ಅಂತ ಬರೆದು ಕಳಿಸಿ.